ಒಣಗಿಸಿ ನೋಡಿದ ಗಿಡ

ತೊಂಬತ್ತರ ದಶಕದ ಕೊನೆಗೆ ಶ್ರೀರಂಗಪಟ್ಟಣದ ಕಂಪ್ಯೂಟರ್ ಸೆಂಟರಿಗೆ ಇಂಟರ್‌ನೆಟ್ ಬಂದಾಗ, ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ನಾನು ವಿದೇಶದಲ್ಲೊಂದು ಗಿಡದ ಯಜಮಾನನಾದೆ. ಯಾರೋ ಕಲಾವಿದರು ಮಾಡಿದ ತೋಟವದು. ಇದು ತೋಟವಲ್ಲ, ಕಲಾಕೃತಿ ಎಂದು ಅವರೇ ಬರೆದಿದ್ದರು. ನೋಡುವವನು ಇಲ್ಲಿ ಗುಂಡಿ ಒತ್ತಿದರೆ ಅಲ್ಲೊಂದು ಯಂತ್ರದ ಕೈ ನೀರು ಹಾಕುತ್ತದೆ. ಲೈನು ಕಡಿಯದಿದ್ದರೆ ಐದು ನಿಮಿಷಕ್ಕೆ ಒದ್ದೆ ಮಣ್ಣಿನ ಚಿತ್ರ ಬರುತ್ತದೆ. ಅವರವರ ಗಿಡಕ್ಕೆ ಅವರವರದೇ ನೀರು. ಪ್ರತಿ ಭಾನುವಾರ ಬಸ್ಸು ಹತ್ತಿ, ಸರದಿ ಕಾದು, ಈ ಬೇಸಾಯ ನಡೆಸಿದೆ.

ನಮ್ಮಣ್ಣ ನಾಲೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ನೀರು ಬಂತೆಂದು ಮೇಲಧಿಕಾರಿಯೇ ಹೇಳಿದರೂ, ಕೊನೆಯ ಗದ್ದೆಗೆ ಹೋಗಿ ಕಾಲಿಟ್ಟು ನೋಡದೆ ನಂಬಿದವನಲ್ಲ. ಅವನೊಬ್ಬ ಹೂಂ ಅಂದರೆ ಸಾಕು, ನನ್ನ ಗಿಡ ನಿಜ ಎಂಬ ಹಟ ನನಗೆ. ಕರೆದೊಯ್ದೆ.

ಪರದೆ ನೋಡಿ ಅಣ್ಣ, ಅಲ್ಲಿ ಈಗ ರಾತ್ರಿಯಲ್ಲವೇ, ಬೆಳಕು ಹೇಗೆ ಎಂದ. ತೋಟದವರಿಗೆ ಸೆಂಟರಿನಿಂದಲೇ ಬರೆದು ಕೇಳಿದೆ. ಮುಂದಿನ ವಾರ ಉತ್ತರವಿತ್ತು: ತೋಟ ಕಟ್ಟಡದೊಳಗಿದೆ, ಹಗಲಿರುಳೂ ದೀಪ ಉರಿಯುತ್ತದೆ. ಅಣ್ಣನಿಗೆ ಓದಿ ಹೇಳಿದೆ.

“ಅದ್ನೂ ಇದೇ ಪೆಟ್ಗೆ ತಾನೇ ಯೋಳಿದ್ದು?”

ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಮಾಣ, ಪುರಾವೆ ಎಂದೆಲ್ಲ ಬೋಧಿಸಿದ್ದವನು ನಾನು. ಪರೀಕ್ಷಿಸುವ ದಾರಿ ತೋರಿಸಿದವನು ಅವನು.

“ಒಂದ್ ತಿಂಗ್ಳು ನೀರ್ ಬುಡ್ಬೇಡ ಕಣ್ಲಾ. ಒಣಗುದ್ರೆ ದಿಟ.”

ಶಾಸ್ತ್ರೋಕ್ತವಾದ ಪ್ರಯೋಗ, ಬೇಡವೆನ್ನಲು ಮೇಷ್ಟರಿಗೆ ಮುಖವೆಲ್ಲಿ? ನಾಲ್ಕು ಭಾನುವಾರ ಮನೆಯಲ್ಲೇ ಕೂತೆ. ಬಸ್ಸಿನ ನೂಕುನುಗ್ಗಲಿಲ್ಲದಿದ್ದರೂ ಸಂಜೆಗೆ ಮೈ ದಣಿದಿರುತ್ತಿತ್ತು.

ಐದನೆಯ ಭಾನುವಾರ ಇಬ್ಬರೂ ಹೋದೆವು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಮೊದಲು ಪಕ್ಕದವರ ಹಸಿರು, ಆಮೇಲೆ ನನ್ನದು: ಕಂದು ಬಣ್ಣದ ಒಂದು ಕಡ್ಡಿ, ಬುಡದಲ್ಲಿ ಬಿರುಕು. ನಾನು ಗೆದ್ದಿದ್ದೆ.

ಅಣ್ಣ ಕುರ್ಚಿ ಮುಂದಕ್ಕೆಳೆದುಕೊಂಡ. ತನ್ನ ಸರಹದ್ದಿನಲ್ಲಿ ಒಂದು ಮಡಿಯನ್ನೂ ಬೇಕೆಂದು ಒಣಗಿಸಿದವನಲ್ಲ.

“ದಿಟ ಕಣ್ಲಾ,” ಎಂದ. “ನೀರ್ ಬುಡು.”

“ಸತ್ತೋಯ್ತು ಕಣಣ್ಣ.”

“ಬುಡ್ಲಾ.”

ಒತ್ತಿದೆ. ಮಣ್ಣು ಕಪ್ಪಾದ ಚಿತ್ರ ಬಂತು. ಕಡ್ಡಿ ಹಾಗೇ ಇತ್ತು. ಇನ್ನೊಂದು ಸಲ ಬಿಡಲು ಹೇಳಿದ. ಹಿಂದೆ ಸರದಿ ಕಾಯುತ್ತಿದ್ದವರು ಕೆಮ್ಮಿದರು, ನಾವು ಏಳಲಿಲ್ಲ.