ಕಸ ಬಿತ್ತೇನ್ರಿ?

ನಮ್ಮವ್ವ ನನ್ನನ್ನು ಹಡೆದ ದಿನವೇ ತೀರಿಕೊಂಡಳು. ಹೇಗೆ ಅಂತ ಕೇಳಿದರೆ ದೇವದುರ್ಗದ ನಮ್ಮ ಮನೆಯಲ್ಲಿ ಎಲ್ಲರೂ ಮಾತು ತೇಲಿಸಿಬಿಡುತ್ತಿದ್ದರು. ದೇವರು ಕರಕೊಂಡ, ಅಷ್ಟೇ. ಆ ದೇವರ ಹೆಸರು ಕೇಳಿ ಕೇಳಿ ನನಗೆ ರೇಗಿಹೋಗಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನೇ ಬಸುರಿಯಾದಾಗ ಆ ಪ್ರಶ್ನೆ ನಿದ್ದೆ ಕೆಡಿಸತೊಡಗಿತು. ನನಗೂ ಹಾಗೇ ಆದರೆ? ಮಾನ್ವಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ರಾಯಚೂರಿನ ಚಿಕ್ಕಮ್ಮನ ಮನೆಗೆ ಬಂದೆ. ಆ ಓಣಿಗೆ ಒಬ್ಬಳೇ ಸೂಲಗಿತ್ತಿ, ಮನೆಯಲ್ಲಿ ದಖನಿ ಮಾತಾಡುವ ಮುದುಕಿ. ಮೊದಲು ದೇವದುರ್ಗದಲ್ಲಿದ್ದಳಂತೆ. ಈಗೀಗ ಮನೆಯಲ್ಲಿ ಹೆರಿಗೆ ಮಾಡಿಸುತ್ತಲೇ ಇರಲಿಲ್ಲ. ಯಾರಿಗಾದರೂ ಬ್ಯಾನಿ ಶುರುವಾಯಿತೆಂದರೆ ತಾನೇ ಟಾಂಗಾ ಕರೆಸಿ, ಪಕ್ಕದಲ್ಲಿ ಕೂತು ಸೊಂಟ ನೀವುತ್ತ ದವಾಖಾನೆಗೆ ಕರೆದೊಯ್ಯುವಳು. ಇದೆಂಥ ಸೂಲಗಿತ್ತಿಯಪ್ಪಾ ಅಂತ ನನಗೆ ಸೋಜಿಗ.

ನನ್ನನ್ನೂ ಹಾಗೇ ಕರೆದೊಯ್ದಳು. ಕೂಸು ಅತ್ತಿತು. ಗಂಡೋ ಹೆಣ್ಣೋ ಎಂದು ಹೊರಗಿನಿಂದ ಚಿಕ್ಕಮ್ಮ ಕೂಗಿದಳು. ಅವಳ ದನಿಯ ಮೇಲೆ ಮುದುಕಿಯ ದನಿ ಬಂತು.

"ಸಿಸ್ಟರ್, ಕಸ ಬಿತ್ತೇನ್ರಿ?"

ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ನರ್ಸು ತಲೆ ಎತ್ತದೆಯೇ, "ಬೆಳಿಗ್ಗೇನೇ ಗುಡಿಸಿದ್ದಾರಮ್ಮ," ಎಂದಳು.

ಆ ನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಕೂಸಿನ ಹಿಂದೆ ಬೀಳುವ ಮಾಸಿಗೇ ಕಸ ಅನ್ನುತ್ತಾರೆಂದು ಬಿಡಿಸಿ ಹೇಳಿದೆ. ಪಾಪ, ಅವಳೂ ನಕ್ಕಳು. ಕೈಯಲ್ಲಿದ್ದ ಕೆಲಸ ಮುಗಿಸಿ, ಬಿತ್ತು, ಪೂರ್ತಿ ಬಿತ್ತು ಎಂದು ಬಾಗಿಲಿಗೆ ಕೇಳುವಂತೆ ಹೇಳಿದಳು. ಮುದುಕಿ ಅಷ್ಟು ಕೇಳಿಸಿಕೊಂಡು ಚಹಾ ಕುಡಿಯಲು ಹೋದಳಂತೆ. ಗಂಡೋ ಹೆಣ್ಣೋ ಕೇಳಲೇ ಇಲ್ಲವಂತೆ.

ಇದು ನನ್ನ ತಲೆಯೊಳಗೆ ಹುಳ ಬಿಟ್ಟಹಾಗಾಯಿತು. ಮನೆಗೆ ಬಂದ ಮೇಲೆ ಅವಳೇ ಬಂದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ. ಊರೆಲ್ಲ ಮೊದಲು ಕೇಳುವುದನ್ನು ನೀನು ಯಾಕೆ ಕೇಳುವುದಿಲ್ಲ ಅಜ್ಜಿ ಅಂತ. ಎಣ್ಣೆ ಹಚ್ಚುತ್ತಿದ್ದ ಅವಳ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ.

"ದೇವದುರ್ಗದಾಗ ನಿನ್ನ ಹಡಸಿದಾಕಿ ನಾನs ಬೇಟಿ. ಹೆಣ್ಣು, ಹೆಣ್ಣು ಅಂತ ಎಲ್ಲಾರೂ ನಿನ್ನ ಮಾರಿ ನೋಡಾಕತ್ತಿದ್ವಿ. ಕಸ ಇನ್ನೂ ಬಿದ್ದಿರಲಿಲ್ಲ, ನೆತ್ತರ ಹರಿಯಾಕತ್ತಿತ್ತು. ನಿಮ್ಮವ್ವನ ಕಡೆ ಯಾರೂ ನೋಡಲಿಲ್ಲ."