ಕಂಬಳಿ ಕೇಳಿದ ದೆವ್ವ

ಸೊಗಡವರೆಯ ವಾಸನೆ ಸೋಪಿಗೆ ಬಗ್ಗುವುದಿಲ್ಲ. ಹಾಸನದ ಈ ಬಾಡಿಗೆ ಮನೆಯಲ್ಲಿ ಭಾನುವಾರ ಒಂದು ಕೆ.ಜಿ. ಕಾಯಿ ಸುಲಿದರೆ ಬುಧವಾರದವರೆಗೂ ಅದು ಬೆರಳುಗಳಲ್ಲಿ ಉಳಿದಿರುತ್ತದೆ. ಆಫೀಸಿನಲ್ಲಿ ಕೂತು ಗಲ್ಲಕ್ಕೆ ಕೈ ಆನಿಸಿದಾಗ ಥಟ್ಟನೆ ಮೂಗಿಗೆ ಬಡಿದು, ಕೊಣನೂರಿನ ನಮ್ಮ ನಡುಮನೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಕತ್ತಲಾಗಲೆಂದು ಕಿಟಕಿ ಬಾಗಿಲು ಮುಚ್ಚಿದ ಮಧ್ಯಾಹ್ನ, ನಡುವೆ ನೆನೆಸಿಟ್ಟ ಅವರೆಕಾಳಿನ ಬೋಗುಣಿ, ಸುತ್ತ ಕೂತು ಬೇಳೆ ಹಿತುಕುತ್ತಿದ್ದ ಹತ್ತು ಹನ್ನೆರಡು ಜನ, ಟೀವಿಯೊಳಗೆ ದೆವ್ವವಾಗಿ ನಡೆದು ಬರುತ್ತಿದ್ದ ನಮ್ಮಜ್ಜಿ. ಇಂಥ ಒಂದು ಮಧ್ಯಾಹ್ನ ನಿಮ್ಮ ಮನೆಯಲ್ಲೂ ಇದ್ದಿದ್ದರೆ, ಅದು ಹೋದಮೇಲೆ ಉಳಿಯುವ ಸಿಟ್ಟೂ ನಿಮಗೆ ಗೊತ್ತಿರುತ್ತದೆ.

ಟೀವಿಯಲ್ಲಿ ಬರುತ್ತಿದ್ದ ಅದನ್ನು ಸಿನಿಮಾ ಎನ್ನುತ್ತಿದ್ದವರು ನಾವು ಮನೆಯವರು ಮಾತ್ರ. ನಂಜುಂಡ ಚಿಕ್ಕಪ್ಪ ಅರಕಲಗೂಡಿನಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಧನುರ್ಮಾಸದಲ್ಲಿ ಮದುವೆಗಳಿಲ್ಲ. ಒಂದು ತಿಂಗಳು ಕ್ಯಾಮೆರಾ ಸುಮ್ಮನೆ ಬಿದ್ದಿರುವುದನ್ನು ಸಹಿಸಲಾರದೆ, ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ, ಅವರು ಮನೆಯವರನ್ನೇ ಹಾಕಿಕೊಂಡು ದೆವ್ವದ ಸಿನಿಮಾ ಮಾಡಿದರು. ಕಥೆ ಇಷ್ಟೇ: ದೆವ್ವಕ್ಕೆ ಚಳಿ. ಅದು ಮನೆಮನೆಗೆ ಹೋಗಿ ಒಂದು ಕಂಬಳಿ ಕೇಳುತ್ತದೆ. ಜನ ಹೆದರಿ ಓಡುತ್ತಾರೆ, ಯಾರೂ ಕಂಬಳಿ ಕೊಡುವುದಿಲ್ಲ. ಖರ್ಚೆಂದರೆ ಮುಖಕ್ಕೆ ಬಳಿಯಲು ಒಂದು ಬಟ್ಟಲು ಅಕ್ಕಿಹಿಟ್ಟು. ಉಳಿದದ್ದೆಲ್ಲ ಪುಕ್ಕಟೆ. ಬೆಳಗ್ಗೆ ಆರಕ್ಕೆ ಹೊಳೆಯ ಕಡೆಯಿಂದ ಎದ್ದು ಬರುವ ಮಂಜು, ಕುಯ್ದ ಗದ್ದೆ, ಹುಲ್ಲಿನ ಮೆದೆ, ಹೆದರಿ ಓಡಲು ದೊಡ್ಡಪ್ಪ. ಮಂಜು ಸಾಲದಿದ್ದರೆ ಇರಲಿ ಎಂದು ಸಾಂಬ್ರಾಣಿ ಹೊಗೆಯ ತಟ್ಟೆ ಹಿಡಿದು ಕ್ಯಾಮೆರಾದ ಪಕ್ಕ ನಿಲ್ಲುವುದು ನನ್ನ ಕೆಲಸ.

ಮೊದಲ ದಿನವೇ ಸೀರೆಯ ವಿಷಯಕ್ಕೆ ಜಗಳವಾಯಿತು. ದೆವ್ವ ಬಿಳಿ ಸೀರೆ ಉಡಬೇಕೆಂದು ಚಿಕ್ಕಪ್ಪ, ಸಾಧ್ಯವೇ ಇಲ್ಲವೆಂದು ಅಜ್ಜಿ. "ನಿಮ್ಮಪ್ಪ ಗುಂಡ್ಕಲ್ಲಂಗೆ ಜಗಲಿ ಮ್ಯಾಲೆ ಕುಂತವ್ರೆ, ನಾನ್ಯಾಕ್ಲಾ ಬಿಳಿ ಸೀರೆ ಉಡ್ಲಿ?" ಎಂದು ಅಕ್ಕಿಹಿಟ್ಟು ಬಳಿದ ಮುಖದಲ್ಲೇ ಗದರಿದಳು. "ಅವ್ವಾ, ದೆವ್ವಕ್ಕೆ ಗಂಡ ಇರಾಕಿಲ್ಲ ಕಣವ್ವ," ಎಂದರು ಚಿಕ್ಕಪ್ಪ. "ಈ ದೆವ್ವುಕ್ಕೆ ಅವ್ನೆ. ಬೇಕಾರೆ ತಗೀ, ಇಲ್ದಿದ್ರೆ ಬುಡು." ಜಗಲಿಯಿಂದ ತಾತ ಸುಮ್ಮನೆ ಕೆಮ್ಮಿದರು. ಹೀಗಾಗಿ ನಮ್ಮ ಸಿನಿಮಾದ ದೆವ್ವ ಕೆಂಪು ಸೀರೆ ಉಟ್ಟು, ಕಾಸಗಲ ಕುಂಕುಮವಿಟ್ಟು, ಸೇವಂತಿಗೆ ಮುಡಿದು, ಕೈತುಂಬ ಹಸಿರು ಬಳೆ ಸದ್ದು ಮಾಡುತ್ತ ಮಂಜಿನೊಳಗಿಂದ ಬಂತು. ಅದನ್ನು ಕಂಡು ದೊಡ್ಡಪ್ಪ ಓಡಿದರು. ಅವರ ಪಂಚೆ ಬೇಲಿಗೆ ಸಿಕ್ಕಿ ಅಲ್ಲೇ ಉಳಿಯಿತು. ಅದು ಕಥೆಯಲ್ಲಿರಲಿಲ್ಲ. ಚಿಕ್ಕಪ್ಪ ನಗುತ್ತಿದ್ದುದರಿಂದ ಆ ದೃಶ್ಯ ಈಗಲೂ ಅಲುಗಾಡುತ್ತದೆ.

ಆಮೇಲೆ ಏಳೆಂಟು ವರ್ಷ, ಪ್ರತಿ ಅವರೆಕಾಯಿ ಕಾಲದಲ್ಲೂ ನಾವು ಅದನ್ನು ನೋಡಿದೆವು. ಪಂಚೆ ಹೋಗುವುದು ಯಾವ ಕ್ಷಣದಲ್ಲೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಕಾಯುತ್ತಿದ್ದೆವು. ಬೇಳೆ ಹಿತುಕುವ ಕೈಗಳು ನಿಲ್ಲುತ್ತಿದ್ದವು. ದೊಡ್ಡಪ್ಪ ಎದ್ದು ಹೋಗುವವರಂತೆ ನಟಿಸಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಜ್ಜಿ ತನ್ನ ಮುಖ ಬಂದಾಗಲೆಲ್ಲ ಸೆರಗು ಬಾಯಿಗೊತ್ತಿ, "ಥೂ, ಎಂಗ್ ಕಾಣ್ತೀನಿ ನೋಡು!" ಎಂದು ನಗುತ್ತಿದ್ದಳು. ಆಗ ಯಾರಿಗೂ ಆ ಸಿನಿಮಾದಲ್ಲಿ ಏನೂ ಕೊರತೆ ಕಾಣುತ್ತಿರಲಿಲ್ಲ.

ಈಗ ಅಜ್ಜಿಯೂ ಇಲ್ಲ, ತಾತನೂ ಇಲ್ಲ. ಪಾಲಾದ ಮನೆಯನ್ನು ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ನಡುಮನೆಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ. ಹೋದ ಚಳಿಗಾಲ ಬೆರಳಲ್ಲಿ ಅವರೆ ವಾಸನೆಯಿದ್ದ ಒಂದು ದಿನ, ಅಜ್ಜಿಯ ದನಿ ನೆನಪಿಗೆ ಬರುತ್ತಿಲ್ಲ ಎಂಬುದು ನನಗೆ ಅರಿವಾಯಿತು. ಮಾತುಗಳು ನೆನಪಿದ್ದವು, ದನಿಯಿರಲಿಲ್ಲ. ಅಮ್ಮನ ಪೆಟ್ಟಿಗೆಯಿಂದ ಆ ಸಿನಿಮಾದ ಸಿ.ಡಿ. ತಂದು ಹಾಕಿದೆ. ಮೊದಲಿನಿಂದ ಕೊನೆಯವರೆಗೆ ಬರೀ ಸಿನಿಮಾ ಹಾಡುಗಳು, ನಾದಸ್ವರ. ಮದುವೆ ವಿಡಿಯೋಗಳಿಗೆ ಮಾಡುವಂತೆಯೇ ಚಿಕ್ಕಪ್ಪ ಮೂಲ ಸದ್ದನ್ನೆಲ್ಲ ತೆಗೆದು ಹಾಡು ಕೂರಿಸಿದ್ದರು. ಅಜ್ಜಿ ಬಾಯ್ತೆರೆದು ಕಂಬಳಿ ಕೇಳುತ್ತಾಳೆ, ಯಾವುದೋ ಗಾಯಕಿ ಹಾಡುತ್ತಾಳೆ. ದೆವ್ವದ ಮುಖ ಹೃದಯದ ಆಕಾರದೊಳಗೆ ಸೇರಿ, ಗುಲಾಬಿ ದಳಗಳು ಉದುರುತ್ತವೆ. ಕೊನೆಯಲ್ಲಿ ಅಳಿಸಲು ಮರೆತ 'ಶುಭ ವಿವಾಹ'. ಚಿಕ್ಕವಳಿದ್ದಾಗ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಇದೆಲ್ಲವೂ ಈಗ ಹಲ್ಲು ಕಚ್ಚುವಷ್ಟು ರೇಗಿಸಿತು.

ಮರುವಾರ ಅರಕಲಗೂಡಿಗೆ ಹೋದೆ. ಚಿಕ್ಕಪ್ಪ ಈಗ ಕ್ಯಾಮೆರಾ ಮುಟ್ಟುವುದಿಲ್ಲ. ಅದೇ ಅಂಗಡಿಯಲ್ಲಿ ಝೆರಾಕ್ಸ್ ಇಟ್ಟಿದ್ದಾರೆ. ಮೂಲ ಕ್ಯಾಸೆಟ್ ಬೇಕೆಂದೆ.

"ಅದು ಎಲ್ಲೈತವ್ವ? ಸಂಕ್ರಾಂತಿ ಕಳೀತಿದ್ದಂಗೆ ಅದ್ರ ಮ್ಯಾಲೇ ಮದ್ವೆ ತೆಗೆದ್ಬುಟ್ಟೆ. ಆಗೆಲ್ಲ ಅಂಗೇಯ."

"ಹಾಡಿನ ಕೆಳಗೆ ಅಜ್ಜಿ ಮಾತು ಇರಬಹುದಲ್ಲ ಚಿಕ್ಕಪ್ಪ? ಬಿಡಿಸಿ ಕೊಡುವವರಿದ್ದಾರೆ."

"ಕೆಳಗೆ ಏನೂ ಇಲ್ಲ ಕಣವ್ವ. ಪೂರ್ತಿ ತೆಗ್ದೇ ಹಾಡು ಹಾಕಿದ್ದು."

"ಯಾಕೆ ತೆಗೆದಿರಿ? ಒಂದು ಮಾತನ್ನಾದರೂ ಉಳಿಸಬಾರದಿತ್ತೇ?" ನನ್ನ ದನಿ ಏರಿತು. ಅಂಗಡಿಯಲ್ಲಿದ್ದ ಇಬ್ಬರು ತಿರುಗಿ ನೋಡಿದರು. ನಾನು ಹಾಗೆಲ್ಲ ಮಾತಾಡುವವಳಲ್ಲ.

ಚಿಕ್ಕಪ್ಪ ನೊಂದುಕೊಳ್ಳಲಿಲ್ಲ, ಆಶ್ಚರ್ಯಪಟ್ಟರು. "ನೀನೇ ಅಲ್ವೇನವ್ವ ಅತ್ತಿದ್ದು?"

ನಾನು ಅದನ್ನು ಮರೆತಿದ್ದೆ ಎನ್ನಲಾರೆ. ನೆನಪಿಸಿಕೊಳ್ಳದೆ ಇದ್ದೆ, ಅಷ್ಟೆ. ಹಾಡು ಹಾಕುವ ಮೊದಲು ಒಮ್ಮೆ ಚಿಕ್ಕಪ್ಪ ಕ್ಯಾಮೆರಾವನ್ನೇ ಟೀವಿಗೆ ಸಿಕ್ಕಿಸಿ ಎಲ್ಲರಿಗೂ ತೋರಿಸಿದ್ದರು. ದೆವ್ವ ಮಂಜಿನಿಂದ ಬರುತ್ತದೆ, "ಕಂಬ್ಳಿ ಕೊಡ್ರಪ್ಪೋ" ಎಂದು ಕೂಗುತ್ತದೆ, ಕ್ಯಾಮೆರಾದ ಪಕ್ಕ ತಟ್ಟೆ ಹಿಡಿದು ನಿಂತ ನನ್ನನ್ನು ಕಂಡು ದೆವ್ವವಾಗಿರುವುದನ್ನೇ ಬಿಟ್ಟುಬಿಡುತ್ತದೆ. "ಲೇ ಪುಟ್ಟಿ, ಸ್ವೆಟ್ರು ಎಲ್ಲೇ? ಮೂಗು ಸೋರ್ತಾ ಐತಲ್ಲೇ!" ನಡುಮನೆಯೆಲ್ಲ ಘೊಳ್ಳೆಂದಿತು. ನಾನು ಎದ್ದು ಓಡಿ ರಾಗಿ ಮೂಟೆಗಳ ಹಿಂದೆ ಕೂತು ಅತ್ತೆ. ಅದನ್ನು ತೆಗೆಯುವವರೆಗೆ ಊಟ ಮಾಡುವುದಿಲ್ಲ ಎಂದೆ. ಮದುವೆ ವಿಡಿಯೋಗಳಲ್ಲಿ ಹಾಗೆ ಒಂದೇ ಒಂದು ಮಾತನ್ನು ತೆಗೆಯುವ ಪದ್ಧತಿಯಿರಲಿಲ್ಲ. ಚಿಕ್ಕಪ್ಪ ತಮಗೆ ಗೊತ್ತಿದ್ದ ರೀತಿಯಲ್ಲಿ, ನನ್ನ ಮರ್ಯಾದೆ ಉಳಿಸಲು, ಎಲ್ಲವನ್ನೂ ತೆಗೆದರು. ನಾನು ಸಮಾಧಾನವಾಗಿ ಉಂಡೆ.

ಹಾಸನಕ್ಕೆ ಬಂದು ಲ್ಯಾಪ್‌ಟಾಪಿನ ಸದ್ದನ್ನು ಪೂರ್ತಿ ಆರಿಸಿ ಆ ಭಾಗವನ್ನು ನೋಡಿದೆ. ಅಜ್ಜಿ ಬರುತ್ತಾಳೆ, ನಿಲ್ಲುತ್ತಾಳೆ. ಮುಖ ನನ್ನತ್ತ ತಿರುಗುತ್ತದೆ, ಸೆರಗಿನ ತುದಿ ಹಿಡಿದ ಕೈ ಮುಂದೆ ಚಾಚುತ್ತದೆ. ಅವಳ ತುಟಿಗಳಿಗೆ ಸರಿಯಾಗಿ ಆ ಮಾತನ್ನು ನಾನೇ ಹೇಳಿ ನೋಡಿದೆ. ಮೊದಲ ಸಲ ತಪ್ಪಿತು. ಎರಡನೆಯ ಸಲ ಕೂಡಿಬಂತು. ಸ್ವೆಟರು, ಮೂಗು, ಎಲ್ಲ ಕೂಡಿಬಂದು ನನ್ನ ಮಾತು ಮುಗಿಯಿತು. ಅಜ್ಜಿಯದು ಮುಗಿದಿರಲಿಲ್ಲ. ಅಂದು ನಡುಮನೆಯಲ್ಲಿ ನಾನು ಟೀವಿಯ ಮುಂದಿನಿಂದ ಎದ್ದು ಓಡಿದ ಮೇಲಿನ ಅಷ್ಟೂ ಮಾತು ಅವಳ ತುಟಿಗಳಲ್ಲಿ ಇನ್ನೂ ಆಡುತ್ತಲೇ ಇತ್ತು.