ಹೆಸರು ತಿರುಗಿಸುತ್ತಿದ್ದ ಪೊನ್ನಕ್ಕ

ಪೊನ್ನಕ್ಕನ ಕಥೆಗಳಲ್ಲಿ ಯಾರ ಹೆಸರೂ ನೆಟ್ಟಗೆ ಇರುತ್ತಿರಲಿಲ್ಲ. ವಿಮಲ ಇದ್ದವಳು ಮಲವಿ ಆಗುತ್ತಿದ್ದಳು. ಗೋಪಾಲ, ಪಾಲಗೋ ಆಗುತ್ತಿದ್ದ. ಅಕ್ಷರಗಳು ಅವೇ, ಕೂತ ಜಾಗ ಮಾತ್ರ ಬೇರೆ. ಬೇರೆ ಹೆಸರನ್ನೇ ಇಡಬಹುದಲ್ಲ ಎಂದು ಒಮ್ಮೆ ಕೇಳಿದೆ.

"ಅದು ಸುಳ್ಳಾಗ್ತದೆ ಕಣೇ. ಅವಳ ಕಥೆಯಾಗೆ ಅವಳ ಎಳುತ್ತಾದ್ರೂ ಇರಬೇಡ್ವಾ?" ಎಂದಳು. ನಮ್ಮ ಮನೆಗಳಲ್ಲಿ ಅಕ್ಷರಕ್ಕೆ ತಮಿಳಿನ ಎಳುತ್ತೇ, ಹೆಸರಿಗೆ ಪೇರೇ.

ತಮಿಳುನಾಡಿನ ಪೆರಿಯಕುಳಂನಲ್ಲಿ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಆಕೆ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ಮನಸ್ಸಿನಲ್ಲಿದ್ದುದನ್ನೂ ಹೇಳಿ ಹೋಗುತ್ತಿದ್ದರು. ಅವರು ಒಪ್ಪಿದರೆ ಪೊನ್ನಕ್ಕ ಅದನ್ನು ಫೋನಿಗೆ ಹೇಳಿ, ಕಂಬಂನಿಂದ ದಿಂಡುಕ್ಕಲ್‌ವರೆಗಿನ ನಮ್ಮ ಜನದ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದಳು. ಕಲಿತದ್ದು, ಸಹಿ ಹಾಕುವುದು ತಮಿಳಲ್ಲಿ. ಕಥೆ ಮಾತ್ರ ಮನೆಯಲ್ಲಾಡುವ ನಮ್ಮ ಕನ್ನಡದಲ್ಲಿ. ನನ್ನ ಮಗಳಿಗೆ ಆ ಮಾತು ಆಡಲು ಬಾರದು. ಆದರೂ ಪೊನ್ನಕ್ಕನ ಕಥೆ ಬಂತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದಳು.

ಹಿಂದಿನ ಬೀದಿಯ ಮಾಲತಿಯನ್ನು ಗಂಡ ಕುಮಾರ ಹೊಡೆಯುತ್ತಿದ್ದ. ಆ ಕಥೆ ತಿಲಮಾ ಮತ್ತು ಮಾರಕು ಎಂಬ ಹೆಸರಲ್ಲಿ ಎಲ್ಲರ ಫೋನಿಗೂ ಬಂತು. ಕೇಳಿ ನಾನೂ ಅತ್ತೆ; ಯಾರೆಂದು ತಿಳಿಯಲಿಲ್ಲ. ಕೆಲವು ದಿನಗಳ ಮೇಲೆ, ನಾನು ಜಗಲಿಯಲ್ಲಿ ಹುಕ್ಕು ಹೊಲಿಯುತ್ತ ಕೂತಿದ್ದಾಗ, ಮಾಲತಿ ಬಂದು ನಿಂತಳು.

"ಕೊಳಾಯಿ ಹತ್ರ ಎಲ್ರೂ ತಿಲಮಾ ಪಾವಂ, ತಿಲಮಾ ಪಾವಂ ಅಂತ ಕಣ್ಣೊರಸ್ಕಂತಾರೆ ಅಕ್ಕಾ. ನಾನು ಅಲ್ಲೇ ಕೊಡ ಹಿಡ್ಕಂಡು ನಿಂತಿದೀನಿ. ಕೈ ಯಾಕೆ ಊದೈತೆ ಅಂತ ಒಬ್ಬರೂ ಕೇಳಲಿಲ್ಲ. ನನ್ ಪೇರು ನೇರಾಗಿ ಹೇಳು."

ಪೊನ್ನಕ್ಕ ಮಿಷನ್ ನಿಲ್ಲಿಸಿದಳು. "ಒಂದ್ಸಲ ಹೇಳಿದ್ರೆ ಮತ್ತೆ ತಿರುಗಿಸಕ್ಕಾಗಲ್ಲ ತಾಯೇ."

"ಗೊತ್ತು. ಹೇಳು."

ಅಂದು ಸಂಜೆ ಅದೇ ಕಥೆ ಮಾಲತಿಯ ಹೆಸರಲ್ಲಿ ಬಂತು. ಮರುದಿನ ಬೆಳಗ್ಗೆ ಕೊಳಾಯಿಯ ಹೆಂಗಸರೆಲ್ಲ ಅವಳ ಬಾಗಿಲಲ್ಲಿದ್ದರು, ನಾನೂ ಹೋಗಿದ್ದೆ. ಅವಳ ಅಣ್ಣ ಒಡ್ಡನ್‌ಛತ್ರಂ ಮಾರ್ಕೆಟ್ಟಿಂದ ತರಕಾರಿ ಲಾರಿಯಲ್ಲೇ ಬಂದು ಅವಳನ್ನು ತವರಿಗೆ ಕರೆದುಕೊಂಡು ಹೋದ.

ಮಧ್ಯಾಹ್ನ ಕುಮಾರ ತನ್ನ ಅಣ್ಣನೊಂದಿಗೆ ಪೊನ್ನಕ್ಕನ ಜಗಲಿ ಹತ್ತಿದ.

"ಯಾರ್ ಪೇರು ಹೇಳ್ದೆ ನೀನು?"

"ಅವಳ ಪೇರು. ಅವಳೇ ಕೊಟ್ಟಳು. ನಿಂದು ಇನ್ನೂ ತಿರುಗೇ ಐತೆ, ನೆಟ್ಟಗೆ ಮಾಡ್ಲಾ?"

ಅಣ್ಣನೇ ಅವನ ಭುಜ ಹಿಡಿದು ಎಳೆದುಕೊಂಡು ಹೋದ.

ಆಮೇಲೆ ಎಷ್ಟೋ ಗಂಡಸರು ತಮ್ಮ ಹೆಂಡಿರನ್ನು ಆ ಗುಂಪಿನಿಂದ ಬಿಡಿಸಿದರು. ಹೊಲಿಗೆಯೂ ಕಡಿಮೆಯಾಯಿತು. ಪೊನ್ನಕ್ಕ ಒಂದು ಅಂಗಡಿಯಿಂದ ಚಿನ್ನಾಳಪಟ್ಟಿ ಸೀರೆಗಳನ್ನು ತಂದು ಅಂಚು ಹೊಲಿಯತೊಡಗಿದಳು.

ಆಕೆಯೊಂದಿಗೆ ನಾನು ಕೊನೆಯ ಸಲ ಮಾತಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ಕಂಬಂನ ಒಬ್ಬಾಕೆ ಯಾವುದೋ ಮದುವೆಯಲ್ಲಿ ಸಿಕ್ಕಿ ತನ್ನ ಕಷ್ಟ ಹೇಳಿಕೊಂಡಿದ್ದಳಂತೆ. "ಇವಳೂ ನೇರಾಗೇ ಹೇಳು ಅಂತಾಳೆ. ಮನೆಗೇ ಹೋಗಿ ಕೇಳ್ಕಂಡು ಬರ್ತೀನಿ," ಎಂದಳು ಪೊನ್ನಕ್ಕ.

"ಯಾರಕ್ಕಾ ಅದು?"

"ಇವಾಗಲೇ ಬೇಡ. ಊರಿಗೆಲ್ಲ ತಿಳೀತದೆ ಅಂದ್ರೂ ಹೂಂ ಅಂತಾಳಾ ಅಂತ ಇನ್ನೊಂದ್ಸಲ ಕೇಳ್ಬೇಕು."

ಹೋಗಿ ಬಂದಳು. ಕಥೆ ಬರಲಿಲ್ಲ. ಆ ವಾರವೇ ಎದೆನೋವು ಬಂದು ಹೋಗಿಬಿಟ್ಟಳು.

ಮಣ್ಣಿಗೆ ಮಾಲತಿ ಬಂದಿದ್ದಳು. ಕಂಬಂನ ವಿಷಯ ಅವಳಿಗೆ ಹೇಳಿದೆ. ಯಾರಿರಬಹುದೆಂದು ಅವಳಿಗೂ ತಿಳಿಯಲಿಲ್ಲ. ಊರಿಗೆ ಮರಳಿದ ಮೇಲೆ ಗುಂಪಿಗೆ ತನ್ನ ದನಿಯಲ್ಲೇ ಎರಡು ಮಾತು ಕಳಿಸಿದಳು: "ಕಂಬಂ ಅಕ್ಕಾ, ನಾನು ಮಾಲತಿ. ನಿನ್ ಪೇರು ಹೇಳು, ನಾನು ಬರ್ತೀನಿ."

ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.